ಅಟ್ಟದ ಸಂದಿಯಲ್ಲಿದ್ದ ಗಂಟು

ನನಗೆ ಬಾಯಿ ಜಾಸ್ತಿ ಎನ್ನುವುದು ಮದುವೆಗೆ ಮುಂಚೆಯೇ ಎರಡೂ ಊರಿಗೆ ಗೊತ್ತಿದ್ದ ಸಂಗತಿ. ಹೆಣ್ಣು ನೋಡಲು ಬಂದ ದಿನವೇ ನನ್ನ ಅತ್ತೆಯಾಗುವವರಿಗೆ ಯಾರೋ ಕಿವಿಯಲ್ಲಿ ಊದಿದ್ದರಂತೆ. ಅವರು, "ಇರ್ಲಿ ಬುಡಿ, ನಮ್ಮನೇಲಿ ಮಾತಾಡೋರೇ ಇಲ್ಲ" ಎಂದು ಒಪ್ಪಿಕೊಂಡಿದ್ದರಂತೆ. ಅಂಥ ನಾನು ಒಂದು ಸಲ ಐದಾರು ದಿನ ಬಾಯಿಗೆ ಬೀಗ ಜಡಿದುಕೊಂಡು ಕೂತಿದ್ದೆ. ಹೆದರಿಕೆ, ಮತ್ತೇನಲ್ಲ. ಈಗಲೂ ಹೆದರಿಕೆ ಎಂದರೆ ನನಗೆ ಹಾವೂ ನೆನಪಾಗುವುದಿಲ್ಲ, ಕತ್ತಲೆಯೂ ನೆನಪಾಗುವುದಿಲ್ಲ. ನಿಂಬೆಹಣ್ಣಿನ ಗಾತ್ರದ ಒಂದು ಕರೀ ಗಂಟು ನೆನಪಾಗುತ್ತದೆ.

ಆಗ ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಮನೆ ಇದ್ದದ್ದು ಹಂದನಕೆರೆ ಕಡೆಯ ಒಂದು ಹಳ್ಳಿಯಲ್ಲಿ. ಮನೆಯಲ್ಲಿ ಮೂರೇ ಜನ: ನಾನು, ನನ್ನ ಗಂಡ, ನನ್ನತ್ತೆ. ಮಾವ ನನ್ನ ಮದುವೆಗೂ ಮುಂಚೆಯೇ ತೀರಿಕೊಂಡಿದ್ದರು. ಅವರ ಸಮಾಧಿ ಮನೆಯ ಹಿಂದಿನ ತೆಂಗಿನ ತೋಟದಲ್ಲೇ ಇತ್ತು. ನನ್ನ ಗಂಡ ಒಬ್ಬನೇ ಮಗ. ನಾನು ಚೊಚ್ಚಲು ಬಸುರಿ, ಎಂಟು ತಿಂಗಳು. ಚೊಚ್ಚಲಿಗೆ ತವರಿಗೆ ಹೋಗಬೇಕಾದ್ದು ಸರಿ, ಆದರೆ ನನಗೆ ತಾಯಿ ಇರಲಿಲ್ಲ. ಅಪ್ಪನ ಮನೆಯಲ್ಲಿ ಬಿಸಿನೀರು ಕಾಯಿಸಿಕೊಡುವ ಹೆಂಗಸೂ ಇರಲಿಲ್ಲ. ಹಾಗಾಗಿ ಹೆರಿಗೆ ಗಂಡನ ಮನೆಯಲ್ಲೇ ಎಂದು ತೀರ್ಮಾನವಾಗಿತ್ತು.

ನಮ್ಮವರಲ್ಲಿ ಮಗು ಹೊಟ್ಟೆಯಲ್ಲಿದ್ದಾಗಲೇ ಅದಕ್ಕೆ ಲಿಂಗ ಕಟ್ಟುತ್ತಾರೆ. ಎಂಟನೆಯ ತಿಂಗಳಲ್ಲಿ ಅಯ್ಯನವರು ಬಂದು ಪೂಜೆ ಮಾಡಿ, ಮಗುವಿನ ಲಿಂಗವನ್ನು ತಾಯಿಯ ತೋಳಿಗೆ ಕಟ್ಟಿ ಹೋಗುತ್ತಾರೆ. ಹುಟ್ಟಿದ ಮೇಲೆ ಅದು ಆ ಮಗುವಿನದೇ. ಬದುಕಿರುವಷ್ಟು ದಿನ ಕೊರಳಲ್ಲಿರುತ್ತದೆ. ಸತ್ತ ದಿನ ಎಡ ಅಂಗೈಯಲ್ಲಿ ಕೂತು ಅವರ ಜೊತೆಗೇ ಮಣ್ಣಿಗೆ ಹೋಗುತ್ತದೆ. ಒಬ್ಬರಿಗೆ ಒಂದೇ ಲಿಂಗ. ಅದು ಇನ್ನೊಬ್ಬರಿಗೆ ಹೋಗುವುದಿಲ್ಲ, ಸತ್ತವರ ಹಿಂದೆ ಮನೆಯಲ್ಲಿ ಉಳಿಯುವುದೂ ಇಲ್ಲ. ಇದು ನಮ್ಮ ಮನೆಯ ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ.

ನನಗೆ ಎಂಟು ತುಂಬುತ್ತಾ ಬಂದರೂ ಅತ್ತೆ ಮಾತ್ರ ಅಯ್ಯನವರನ್ನು ಕರೆಸುವ ಮಾತೇ ಎತ್ತಲಿಲ್ಲ. ಅಯ್ಯನವರೇ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದರು. "ಆಗ್ಲಿ ಬುಡಿ ಅಯ್ನೋರೇ, ಮುಂದ್ಲ ಸೋಮಾರ ನೋಡಾನ" ಎಂದರು ಅತ್ತೆ. ಆ ಸೋಮವಾರ ಬಂತು, ಹೋಯಿತು. ಅತ್ತೆಗೆ ತಲೆನೋವು. ಮುಂದಿನ ಸೋಮವಾರ ದಿನ ಚೆನ್ನಾಗಿಲ್ಲ. ನನಗೆ ಒಳಗೊಳಗೇ ಕುದಿಯುತ್ತಿತ್ತು. ಮಾತಾಡದ ಹೆಂಗಸಿನ ಮನಸ್ಸಿನಲ್ಲಿ ಏನಿರುತ್ತದೋ ಯಾರಿಗೆ ಗೊತ್ತು, ಇವರಿಗೆ ನನ್ನ ಮಗು ಬೇಡವೋ ಏನೋ ಎಂದು ಒಂದು ಸಲ ಗಂಡನ ಹತ್ತಿರ ಗೊಣಗಿದ್ದೂ ಉಂಟು. "ಸುಮ್ಕಿರೇ, ಅವ್ವ ಅಂಥೋಳಲ್ಲ" ಎಂದು ಅವರು ಎದ್ದು ತೋಟಕ್ಕೆ ಹೋದರು. ಅಷ್ಟರಲ್ಲಿ ಅತ್ತೆ ಕೆಂಕೆರೆಯಲ್ಲಿದ್ದ ತಮ್ಮ ತಂಗಿಯ ಮನೆಗೆ ಮೂರು ದಿನಕ್ಕೆಂದು ಹೊರಟರು.

ನಮ್ಮ ಕಡೆ ಕೊಬ್ಬರಿ ಆಗುವುದು ಅಟ್ಟದ ಮೇಲೆ. ತೆಂಗಿನಕಾಯಿಯನ್ನು ಸುಲಿಯದೆ ಹಾಗೇ ಅಟ್ಟಕ್ಕೆ ತುಂಬಿ, ವರ್ಷಗಟ್ಟಲೆ ಬಿಟ್ಟು, ಕೆಳಗಿನ ಒಲೆಯ ಬಿಸಿಗೂ ಹೊಗೆಗೂ ಒಳಗಿನ ನೀರು ಇಂಗಿ ತಿರುಳು ಚಿಪ್ಪು ಬಿಟ್ಟ ಮೇಲೆ ಇಳಿಸುತ್ತಾರೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಗೊಟಗೊಟ ಎನ್ನಬೇಕು. ಕಾಯಿ ಇಳಿಸುವಾಗ ಪ್ರತಿ ವರ್ಷವೂ ಅತ್ತೆ ತಾವೇ ಏಣಿ ಹತ್ತಿ ಒಲೆಯ ನೇರದ ಮೂಲೆಯನ್ನು ಖಾಲಿ ಮಾಡುತ್ತಿದ್ದರು. ಆ ವಯಸ್ಸಿನಲ್ಲಿ ಯಾಕಮ್ಮ ಎಂದರೆ, "ಆ ಮೂಲೇಲಿ ಚೇಳಿರ್ತವೆ, ನಿಮ್ಗೆ ಗೊತ್ತಾಗಲ್ಲ" ಎನ್ನುತ್ತಿದ್ದರು. ಈ ಸಲ ಅವರು ಊರಲ್ಲಿರಲಿಲ್ಲ. ತಿಪಟೂರಿನ ಮಂಡಿಗೆ ಹೋಗುವ ಗಾಡಿ ಸಿಕ್ಕಿತೆಂದು ನನ್ನ ಗಂಡ ಕಾಯಿ ಸುಲಿಯುವವನನ್ನು ಕರೆಸಿ ಅಟ್ಟಕ್ಕೆ ಹತ್ತಿಸಿಬಿಟ್ಟರು.

ಬೆಳಗಿನ ಹೊತ್ತು. ನಾನು ಅಂಗಳದಲ್ಲಿ ಕೂತು ಬಿದ್ದ ಕಾಯಿಗಳನ್ನು ಕಾಲಿನಿಂದಲೇ ಒಂದು ಕಡೆಗೆ ತಳ್ಳುತ್ತಿದ್ದೆ. ಮೇಲಿನಿಂದ ಬೀಳುತ್ತಿದ್ದ ಕಾಯಿ ಇದ್ದಕ್ಕಿದ್ದಂತೆ ನಿಂತಿತು. ಸುಲಿಯುವವನು ಅಟ್ಟದಿಂದ ಬಗ್ಗಿ ನನ್ನ ಗಂಡನನ್ನು ಕರೆದ. "ಯಜಮಾನ್ರೇ, ಇಲ್ಲೇನೋ ಐತೆ. ನಾ ಮುಟ್ಟಾಕಿಲ್ಲಪ್ಪ."

ಗೋಡೆಗೂ ತೊಲೆಗೂ ನಡುವಿನ ಸಂದಿಯಲ್ಲಿ ಯಾರೋ ಒತ್ತಿ ಇಟ್ಟಿದ್ದ ಗಂಟದು. ಕೊನೆಗೆ ಅವನೇ ಅದನ್ನು ಕುಡುಗೋಲಿನ ತುದಿಯಿಂದ ಕೆದಕಿ, ಒಂದು ಒಣ ಮಟ್ಟೆಯ ಮೇಲೆ ಬೀಳಿಸಿಕೊಂಡು ಇಳಿದು ಬಂದ. ಹೊಗೆ ಹಿಡಿದು ಹಿಡಿದು ಅದು ಬಟ್ಟೆಯೋ ಕಲ್ಲೋ ಮರವೋ ಎಂದು ಹೇಳಲಾಗುತ್ತಿರಲಿಲ್ಲ. ಟಾರಿನ ಉಂಡೆ ಥರ ಮಿರಮಿರ ಮಿಂಚುತ್ತಿತ್ತು. ಸುತ್ತಲೂ ದಾರ ಸುತ್ತಿದ್ದ ಗುರುತು ಮಾತ್ರ ಗೀರುಗಳಾಗಿ ಕಾಣುತ್ತಿತ್ತು. ಮಟ್ಟೆಯನ್ನು ಅಲ್ಲಾಡಿಸಿದರೆ ಒಳಗೆ ಏನೋ ಭಾರವಾದದ್ದು ಇದೆ ಎಂದು ತಿಳಿಯುತ್ತಿತ್ತು.

"ಮಾಟ ಕಣ್ರೀ ಇದು. ಯಾರೋ ಮಾಡ್ಸವ್ರೆ ಈ ಮನೆಗೆ" ಎಂದ ಅವನು. ಆಮೇಲೆ ನನ್ನ ಹೊಟ್ಟೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಒಳೀಕೋಗಮ್ಮ ತಾಯಿ, ನೀನ್ಯಾಕಿಲ್ಲಿ ನಿಂತಿದ್ದೀಯಾ!" ಅರ್ಧ ಅಟ್ಟ ಹಾಗೇ ಬಿಟ್ಟು, ಬಚ್ಚಲಲ್ಲಿ ಕೈಕಾಲು ತೊಳೆದು, ಕೂಲಿಯನ್ನೂ ಕೇಳದೆ ಅವನು ಹೊರಟೇ ಹೋದ.

ನನ್ನ ಗಂಡ ಎಸ್ಸೆಸ್ಸೆಲ್ಸಿ ಓದಿದವರು. ಮಾಟ ಮಂತ್ರ ಎಂದರೆ ನಗುವವರು. ಅವತ್ತೂ ನಗಲು ನೋಡಿದರು, ಆದರೆ ಮುಖ ಬಿಳುಚಿಕೊಂಡಿತ್ತು. ಗಂಟಿನ ಮೇಲೆ ಒಂದು ಬಿದಿರಿನ ಮಕ್ಕರಿ ಕವುಚಿ, ಮಕ್ಕರಿಯ ಮೇಲೆ ಕಲ್ಲು ಹೇರಿದರು. ಗಂಟು ಎದ್ದು ಓಡಿಹೋಗುತ್ತದೆಯೇ? ಬೇರೆ ದಿನವಾಗಿದ್ದರೆ ನಾನು ಇದನ್ನೇ ಹಿಡಿದುಕೊಂಡು ಅವರನ್ನು ಗೋಳು ಹುಯ್ದುಕೊಳ್ಳುತ್ತಿದ್ದೆ. ಅವತ್ತು ಒಳಗೆ ಹೋಗಿ ಗೋಡೆಗೆ ಒರಗಿ ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ. ಮಗು ಬೆಳಿಗ್ಗೆಯಿಂದ ಒದ್ದಿರಲಿಲ್ಲ. ಮಧ್ಯಾಹ್ನವಾದರೂ ಒದೆಯಲಿಲ್ಲ. ಬೆಲ್ಲದ ನೀರು ಕುಡಿದೆ, ಎಡಕ್ಕೆ ಮಲಗಿದೆ, ಬಲಕ್ಕೆ ಮಲಗಿದೆ. ಅಯ್ಯೋ ನನ್ನ ಕರ್ಮವೇ, ಎಷ್ಟೊಂದು ದೇವರಿಗೆ ಹರಕೆ ಹೊತ್ತೆನೋ ಲೆಕ್ಕವಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಸಲ ಸಣ್ಣಗೆ ಮಿಸುಕಿತು, ಆಗ ಅಳುವೇ ಬಂತು.

ಮಾರನೆಯ ದಿನ ಬೆಳಿಗ್ಗೆ ನನ್ನ ಗಂಡ ಅಯ್ಯನವರನ್ನು ಕರೆತಂದರು. ಅಯ್ಯನವರಿಗೆ ಆಗಲೇ ಎಪ್ಪತ್ತರ ಹತ್ತಿರ. ಮೂರು ತಲೆಮಾರಿಗೆ ಲಿಂಗ ಕಟ್ಟಿದ ಕೈ. ಅವರು ಮಕ್ಕರಿ ಎತ್ತಿ ಗಂಟನ್ನು ಸುಮ್ಮನೆ ನೋಡಿದರು. ಆಮೇಲೆ ಬಿಸಿನೀರು, ಎಳ್ಳೆಣ್ಣೆ ಕೇಳಿದರು. ಜಗಲಿಯ ಮೇಲೆ ಕೂತು ಎಣ್ಣೆ ಸವರುತ್ತಾ, ನೆನೆಸುತ್ತಾ, ಉಗುರಿನಿಂದ ಪದರ ಪದರವಾಗಿ ಬಿಡಿಸಿದರು. ನಾನು ಬಾಗಿಲ ಹಿಂದೆ ನಿಂತು ಇಣುಕುತ್ತಿದ್ದೆ. ಕೂದಲು ಬರುತ್ತದೋ, ಮೂಳೆ ಬರುತ್ತದೋ ಎಂದು ಕಾಯುತ್ತಿದ್ದೆ.

ಕೊನೆಯ ಪದರ ಬಿಡಿಸಿದವರು, "ಶಿವ ಶಿವಾ" ಎಂದು ಕಣ್ಣಿಗೊತ್ತಿಕೊಂಡರು. "ತಟ್ಟೆ ತರಮ್ಮ, ವಿಭೂತಿ ತಾ. ಇದು ಲಿಂಗ ಕಣಪ್ಪ."

ನನಗೆ ನಗು ಬಂದುಬಿಟ್ಟಿತು. ಮಾಟವಲ್ಲ, ಲಿಂಗ! ಸುಲಿಯುವವನಿಗೆ ಹೇಳಿ ಕಳಿಸಬೇಕು, ಅರ್ಧ ಅಟ್ಟ ಬಿಟ್ಟು ಓಡಿದ ಮಹಾರಾಯ ಎಂದುಕೊಂಡು ತಟ್ಟೆ ತಂದೆ. ಆದರೆ ಜಗಲಿಯ ಮೇಲಿದ್ದ ಇಬ್ಬರೂ ನಗುತ್ತಿರಲಿಲ್ಲ. ಅಯ್ಯನವರು ನನ್ನ ಗಂಡನ ಮುಖವನ್ನೇ ನೋಡುತ್ತಾ ಕೇಳಿದರು.

"ಯಾರ್ದಪ್ಪ ಇದು?"

ಆಗ ನನಗೂ ಹೊಳೆಯಿತು. ಈ ಮನೆಯಲ್ಲಿ ಬದುಕಿರುವ ಮೂವರ ಲಿಂಗವೂ ಮೂವರ ಕೊರಳಲ್ಲೇ ಇದೆ. ಅಂದಮೇಲೆ ಈ ಮನೆಯಿಂದ ಯಾರೋ ಲಿಂಗವಿಲ್ಲದೆ ಬರಿಗೈಯಲ್ಲಿ ಮಣ್ಣಿಗೆ ಹೋಗಿದ್ದಾರೆ. ನಮ್ಮವರಿಗೆ ಇದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿಲ್ಲ. ಮಾಟವಾದರೆ ತೆಗೆಸಬಹುದು, ಇದನ್ನು ಏನು ಮಾಡುವುದು?

ನನ್ನ ಗಂಡ ಕಂಬ ಹಿಡಿದುಕೊಂಡು ಕೂತರು. "ಅಪ್ಪುಂದು" ಎಂದರು. ಅವರು ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಮಾವ ಒಮ್ಮೆ ಅಟ್ಟದ ಮೇಲೆ ಕೆಲಸ ಮಾಡುವಾಗ ಕೊರಳಿನ ದಾರ ಕಿತ್ತು, ಲಿಂಗವಿಡುವ ಬೆಳ್ಳಿಯ ಕರಡಿಗೆ ಕಾಯಿಗಳ ನಡುವೆ ಬಿದ್ದುಹೋಗಿತ್ತಂತೆ. ಮಾವ ಇಡೀ ದಿನ ಅನ್ನ ನೀರು ಮುಟ್ಟದೆ ಹುಡುಕಿದ್ದರಂತೆ. ಸಾಯಂಕಾಲ ಇಳಿದು ಬಂದು ಸಿಕ್ಕಿತು ಎಂದಿದ್ದರು. "ಸಿಕ್ತು ಅಂದ್ರು ಅಯ್ನೋರೇ. ಕರಡಿಗೆ ತೋರಿಸಿದ್ರು. ಒಳಗೆ ಏನಿತ್ತೋ ನಾವ್ಯಾರೂ ನೋಡ್ಲಿಲ್ಲ. ಮಣ್ಣು ಮಾಡೋ ದಿನ ಕರಡಿಗೆಯಿಂದ ತೆಗ್ದು ಅಪ್ಪನ ಅಂಗೈಗಿಟ್ಟೋನು ನಾನೇ. ಬಟ್ಟೆ ಸಮೇತ ಇಟ್ಬುಟ್ಟೆ. ಬಿಚ್ಚಿ ನೋಡ್ಲಿಲ್ಲ." ಅಷ್ಟು ಹೇಳಿ ಅವರು ತಲೆ ಚಚ್ಚಿಕೊಂಡರು. ಬರೀ ಬಟ್ಟೆಯನ್ನು ಅಪ್ಪನ ಕೈಗಿಟ್ಟು ಕಳಿಸಿದೆ ಎನ್ನುವುದು ಅವರ ತಲೆಯಲ್ಲಿ ಕೂತುಬಿಟ್ಟಿತು.

ಮಾವನದೇ ಆಗಿದ್ದರೆ ಅವರ ಕೈಗೇ ಸೇರಬೇಕು, ಸಮಾಧಿ ತೆಗೆಯಬೇಕು, ಬೇರೆ ದಾರಿಯಿಲ್ಲ ಎಂದರು ಅಯ್ಯನವರು. ಸೋಮವಾರ ಬೆಳಿಗ್ಗೆ ಎಂದು ಗೊತ್ತು ಮಾಡಿದರು. ಹೊರಡುವಾಗ ನನ್ನ ಕಡೆ ತಿರುಗಿದರು. "ಅಲ್ಲೀಗಂಟ ಈ ಮಗೀಗೆ ಲಿಂಗ ಕಟ್ಟಂಗಿಲ್ಲ ಕಣವ್ವ. ನೀನು ಉಷಾರಾಗಿರು. ಅಷ್ಟ್ರೊಳಗೇನಾರ ನೋವು ಗೀವು ಬಂದ್ರೆ..." ಎಂದವರು ಮಾತು ಮುಗಿಸದೆ ಮೆಟ್ಟಿಲಿಳಿದರು. ಆ ಅರ್ಧ ಮಾತು ನನ್ನ ಎದೆಯಲ್ಲಿ ಕೂತಿತು. ಸೋಮವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಲಿಂಗವಿಲ್ಲದೆ ಹುಟ್ಟಿದರೆ ನನ್ನ ಮಗುವಿನ ಗತಿಯೇನು?

ಅತ್ತೆ ಬಂದದ್ದು ಅವತ್ತು ಮಧ್ಯಾಹ್ನ, ಹುಳಿಯಾರಿನ ಬಸ್ಸಿನಲ್ಲಿ. ಕೈಯಲ್ಲಿ ಚೀಲ ಹಿಡಿದು ಅಂಗಳಕ್ಕೆ ಬಂದವರು ಮೊದಲು ರಾಶಿ ಬಿದ್ದ ಕಾಯಿ ನೋಡಿದರು, ಆಮೇಲೆ ಏಣಿ ನೋಡಿದರು, ಆಮೇಲೆ ಜಗಲಿಯ ಮೇಲಿನ ತಟ್ಟೆ ನೋಡಿದರು. ಹೊಸ್ತಿಲ ಮೇಲೆ ಕೂರಬಾರದು ಎಂದು ನನಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದವರು ತಾವೇ ಹೊಸ್ತಿಲ ಮೇಲೆ ಕುಸಿದು ಕೂತರು. ನನ್ನ ಗಂಡ, "ಅವ್ವ, ಅಪ್ಪುಂದಾ ಇದು?" ಎಂದು ಕೇಳಿದರು. ಅತ್ತೆ ಮಗನ ಮುಖ ನೋಡಲಿಲ್ಲ. ನನ್ನ ಹೊಟ್ಟೆಯನ್ನೇ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ನಾನು ಸೆರಗು ಎಳೆದುಕೊಂಡೆ. ಬಾಯಿಂದ ಒಂದು ಮಾತೂ ಬರಲಿಲ್ಲ. ನನ್ನ ಗಂಡ ಆ ಮೌನವನ್ನೇ ಹೌದು ಎಂದು ತಿಳಿದರು.

ಸಾಯಂಕಾಲ ಜಗಲಿ ಗುಡಿಸುವಾಗ ಅಯ್ಯನವರು ಬಿಡಿಸಿ ಹಾಕಿದ್ದ ಬಟ್ಟೆಯ ಚೂರುಗಳು ಸಿಕ್ಕವು. ಹೊರಗಿನವು ಇದ್ದಿಲಿನಂತಾಗಿದ್ದವು. ಒಳಗಿನ ಚೂರಿಗೆ ಮಾತ್ರ ಹೊಗೆ ತಾಗಿರಲಿಲ್ಲ. ಹಸಿರು ಬಣ್ಣ, ಅದರ ಮೇಲೆ ಸಣ್ಣ ಬಿಳೀ ಚುಕ್ಕಿ. ಹೆಂಗಸರ ರವಿಕೆ ಬಟ್ಟೆ. ನಾನು ಅದನ್ನು ಕೈಯಲ್ಲಿ ಹಿಡಿದು ನಿಂತೇಬಿಟ್ಟೆ. ದಾರ ಕಿತ್ತು ಕೆಳಗೆ ಬಿದ್ದ ಲಿಂಗ ರವಿಕೆ ಬಟ್ಟೆ ಸುತ್ತಿಕೊಂಡು ತೊಲೆಯ ಸಂದಿಗೆ ಹತ್ತಿ ಕೂರುವುದಿಲ್ಲ. ಯಾರೋ ಹೆಂಗಸು ಸುತ್ತಿದ್ದಾಳೆ, ಯಾರೋ ಹೆಂಗಸು ಇಟ್ಟಿದ್ದಾಳೆ. ಆ ಮೂಲೆಗೆ ಯಾರನ್ನೂ ಬಿಡದ ಹೆಂಗಸು ಒಬ್ಬರೇ. ಗಂಡನ ಲಿಂಗವನ್ನೇ ಕದ್ದಿಟ್ಟವರು ಏನು ತಾನೇ ಮಾಡುವುದಿಲ್ಲ? ನನ್ನ ಮಗುವಿಗೆ ಲಿಂಗ ಕಟ್ಟಿಸದೆ ದಿನ ದೂಡುತ್ತಿದ್ದವರೂ ಇವರೇ ತಾನೆ?

ಚೂರನ್ನು ಒಲೆಗೆ ಹಾಕಿದೆ. ಗಂಡನಿಗೂ ಹೇಳಲಿಲ್ಲ. ಹೇಳಿದರೆ ಅವರು ತಾಯಿಯನ್ನು ಕೇಳುತ್ತಾರೆ, ತಾಯಿ ನನ್ನನ್ನು ಏನು ಮಾಡುತ್ತಾರೋ ಎಂಬ ಭಯ. ಆ ನಾಲ್ಕು ದಿನ ಅವರ ಕೈಯ ಊಟ ನಾನು ತಿನ್ನಲಿಲ್ಲ. ಮುದ್ದೆ ಮುರಿದು ತಿಂದ ಹಾಗೆ ಮಾಡಿ, ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಹಿತ್ತಲ ನಾಯಿಗೆ ಹಾಕುತ್ತಿದ್ದೆ. ನಾಯಿ ಸತ್ತಿತೋ ಇಲ್ಲವೋ ಎಂದು ಮತ್ತೆ ಹೋಗಿ ನೋಡುತ್ತಿದ್ದೆ. ನನ್ನ ಹಸಿವಿಗೆ ಬೆಲ್ಲ, ಕೊಬ್ಬರಿ, ನಾನೇ ಸೇದಿದ ನೀರು. ಅತ್ತೆ ಅಡುಗೆಮನೆಯಿಂದ ನನ್ನನ್ನೇ ನೋಡುತ್ತಿದ್ದರು. ಒಂದು ಸಲ ಬೆನ್ನ ಹಿಂದೆ ಬಂದು ನಿಂತು, "ಮಗ ಮಿಸುಕ್ತೈತೇನೇ?" ಎಂದು ಕೇಳಿದರು. ನನ್ನ ಕೈಯಲ್ಲಿದ್ದ ಚೆಂಬು ಬಿದ್ದು ಉರುಳಿತು.

ಸೋಮವಾರ ಬೆಳಿಗ್ಗೆ ನನ್ನ ಗಂಡ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಹಾರೆ ಗುದ್ದಲಿ ಹೊತ್ತು ತೋಟಕ್ಕೆ ಹೋದರು. ಅಯ್ಯನವರು ತಟ್ಟೆ ಹಿಡಿದು ಹಿಂದೆ ಹೋದರು. ಬೇರೆ ಯಾರಿಗೂ ಹೇಳಿರಲಿಲ್ಲ. ಊರಿಗೆ ಗೊತ್ತಾದರೆ ಮುಖ ಎತ್ತಿಕೊಂಡು ತಿರುಗುವ ಹಾಗಿರಲಿಲ್ಲ. ಬಸುರಿಯಾದವಳು ಸಮಾಧಿ ತೆಗೆಯುವ ಕಡೆ ತಲೆ ಹಾಕಬಾರದು, ಅದು ನನಗೂ ಗೊತ್ತು. ಆದರೆ ಮನೆಯಲ್ಲಿ ಅತ್ತೆಯ ಜೊತೆ ಒಬ್ಬಳೇ ಉಳಿಯುವುದಕ್ಕಿಂತ ಸಮಾಧಿಯೇ ವಾಸಿ ಅನ್ನಿಸಿತು. ಹೊಟ್ಟೆ ಹಿಡಿದುಕೊಂಡು ತೋಟದ ಬೇಲಿಯವರೆಗೆ ಹೋಗಿ ಕತ್ತಾಳೆಯ ಮರೆಯಲ್ಲಿ ನಿಂತೆ. ಮಾವನ ಸಮಾಧಿಯ ಮೇಲಿನ ಕಲ್ಲು ಸರಿಸಿದ್ದರು. ನನ್ನ ಗಂಡ ಹಾರೆ ಎತ್ತಿ ಹಾಕಿದರು. ಒಣ ಮಣ್ಣು, ಎರಡು ಮೂರು ಏಟಿಗೆ ಮೊಣಕಾಲುದ್ದ ಗುಂಡಿಯಾಯಿತು. ಅವರು ಅಳುತ್ತಿದ್ದರು. ಹಾರೆ ಹಾಕುವುದು, ಕಣ್ಣೊರೆಸುವುದು, ಮತ್ತೆ ಹಾರೆ ಹಾಕುವುದು.

ನನ್ನ ಪಕ್ಕದಿಂದಲೇ ಯಾರೋ ಬಿರಬಿರನೆ ಹಾದುಹೋದರು. ಅತ್ತೆ. ಬರಿಗಾಲು, ಕೈಗೆ ಮೆತ್ತಿದ ಹಿಟ್ಟೂ ತೊಳೆದಿರಲಿಲ್ಲ. ಹೋದವರೇ ಹಾರೆಯನ್ನು ಎರಡೂ ಕೈಯಲ್ಲಿ ಹಿಡಿದರು.

"ಅಗೀಬ್ಯಾಡ ಕಣಪ್ಪ. ಅದು ನಿಮ್ಮಪ್ಪುಂದಲ್ಲ."

"ಮತ್ಯಾರ್ದವ್ವಾ?"

"ನಿಮ್ಮಣ್ಣುಂದು."

ನನ್ನ ಗಂಡ ಹಾರೆಯಿಂದ ಕೈ ತೆಗೆದರು. "ಯಾವಣ್ಣ? ನಂಗ್ಯಾರವ್ವ ಅಣ್ಣ?"

ಅತ್ತೆ ಸುತ್ತ ನೋಡಿದರು. ಬೇಲಿಯ ಹತ್ತಿರ ನಾನಿರುವುದು ಕಣ್ಣಿಗೆ ಬಿತ್ತು. "ನೀನ್ಯಾಕೆ ಬಂದ್ಯೇ? ನೀ ಕೇಳ್ಬಾರ್ದು ಇದ್ನ. ಓಗು ಒಳೀಕೆ" ಎಂದರು. ನಾನು ಹೋಗಲಿಲ್ಲ. "ನಾನೂ ಕೇಳ್ಬೇಕು ಅತ್ತೆಮ್ಮ" ಎಂದೆ. ಅಷ್ಟು ದಿನದ ಮೇಲೆ ನನ್ನ ಬಾಯಿಂದ ಹೊರಟ ಮೊದಲ ಗಟ್ಟಿ ಮಾತು ಅದು.

ಅವರು ನಿಂತುಕೊಂಡೇ ಹೇಳಿದರು. "ನಿನಗಿಂತ ಮೊದ್ಲು ಒಂದಾಗಿತ್ತು ಕಣಪ್ಪ. ನಂಗಾಗ ಹದ್ನೇಳೋ ಹದ್ನೆಂಟೋ. ಎಂಟು ತಿಂಗ್ಳಲ್ಲಿ ಲಿಂಗ ಕಟ್ಟುದ್ರು, ಈ ತೋಳಿಗೆ. ಕಟ್ಟಿ ಹದ್ನೈದು ದಿನುಕ್ಕೆ ಬ್ಯಾನೆ ಬಂತು. ಮಗ ಅಳ್ಲಿಲ್ಲ. ಸೂಲಗಿತ್ತಿ ಅದ್ನ ಸುತ್ತಿ ಬಾಗ್ಲಾಗೆ ನಿಂತಿದ್ದ ನಿಮ್ಮಪ್ಪನ ಕೈಗೆ ಕೊಟ್ಬುಟ್ಲು. ನಂಗೆ ತೋರಿಸ್ನೇ ಇಲ್ಲ. ಗಂಡೋ ಹೆಣ್ಣೋ ಅಂದೆ, ಗಂಡು ಅಂದ್ರು. ಅಷ್ಟೇ ನಂಗೆ ಗೊತ್ತಿರಾದು."

ಅವರು ಮುಂದುವರಿಸಿದರು. "ಲಿಂಗ ನನ್ನ ತೋಳಲ್ಲೇ ಇತ್ತು. ಉಸುರಾಡ್ದ ಮಗೀಗೆ ಯಾತ್ರ ಲಿಂಗ, ಕೆರೇಗ್ ಬುಟ್ಟು ಬಾ ಅಂದ್ಲು ನಮ್ಮತ್ತೆ. ಬುಟ್ಟೆ ಅಂದೆ. ಬುಡ್ಲಿಲ್ಲ. ಯಾರಾನಾ ನೋಡ್ತಾರೆ ಅಂತ ಮಡಲಕ್ಕಿ ರವಿಕೆ ಕಣ ಹರ್ದು ಸುತ್ತಿ ಅಟ್ಟುಕ್ಕೆ ಹಾಕ್ದೆ. ಒಲೆ ಮ್ಯಾಗ್ಳ ಮೂಲೆ, ಬೆಚ್ಚುಗಿರ್ತೈತೆ ಅಂತ."

ಬೆಚ್ಚಗಿರುತ್ತದೆ ಎಂದು. ಅಷ್ಟು ಹೊತ್ತೂ ಮಾವನ ಸಮಾಧಿಯ ಅಂಚಿನಲ್ಲಿ ನಿಂತಿದ್ದ ನನ್ನ ಗಂಡ ಈಗ ಮಣ್ಣಿನ ಮೇಲೆ ಕೂತುಬಿಟ್ಟರು. "ಮೊನ್ನೇನೇ ಯಾಕೆ ಹೇಳ್ಲಿಲ್ಲವ್ವ? ಅಪ್ಪನ ಸಮಾಧಿ ಅಗಿಯಾಕೆ ಬುಟ್ಟಲ್ಲ" ಎಂದರು.

ಅತ್ತೆ ನನ್ನ ಕಡೆ ಕೈ ತೋರಿಸಿದರು. "ಬಸುರಿ ಮುಂದೆ ಸತ್ತ ಮಗೀನ ಮಾತು ಹೆಂಗಾಡ್ಲಪ್ಪ? ಅವ್ಳಿಗೆ ಲಿಂಗ ಕಟ್ಟಿಸ್ಬೇಕು ಅಂದ್ರೇನೇ ನನ್ನ ಕೈಕಾಲು ಬಿದ್ದೋಯ್ತವೆ. ಕಟ್ಟಿದ ಹದ್ನೈದು ದಿನುಕ್ಕೆ ಓಯ್ತು ನಂದು. ಇವ್ಳುಗೂ ಹಂಗೇ ಆದ್ರೆ?"

ನಾನು ಯಾವುದನ್ನು ದ್ವೇಷ ಎಂದುಕೊಂಡಿದ್ದೆನೋ ಅದು ಭಯವಾಗಿತ್ತು. ನನ್ನದೇ ಭಯ, ನನ್ನದೇ ಮಗುವಿನ ಬಗ್ಗೆ. ನಾಚಿಕೆಯಿಂದ ಕುಗ್ಗಿಹೋದೆ. ಆದರೆ ಧೈರ್ಯ ಬಂತು ಎಂದು ಮಾತ್ರ ಸುಳ್ಳು ಹೇಳಲಾರೆ. ಇದೇ ಮನೆಯಲ್ಲಿ, ಇದೇ ಎಂಟನೆಯ ತಿಂಗಳಲ್ಲಿ, ಚೊಚ್ಚಲು. ಕೇಳಬಾರದಿತ್ತು, ಕೇಳಿಬಿಟ್ಟಿದ್ದೆ. ಮೊದಲು ಹೆದರಿಕೆಗೆ ಆಕಾರವಿರಲಿಲ್ಲ, ಈಗ ಅದಕ್ಕೆ ಹದಿನೈದು ದಿನದ ಗಡುವೂ ಸಿಕ್ಕಿತು.

ಮಗುವನ್ನು ಎಲ್ಲಿ ಮಣ್ಣು ಮಾಡಿದರು ಎಂದು ಅಯ್ಯನವರು ಕೇಳಿದರು. ಅತ್ತೆಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಒಟ್ಟಿಗೆ ಬಾಳಿದ ಗಂಡನನ್ನು ಒಂದು ಸಲವೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಈ ಲಿಂಗವನ್ನು ಯಾರ ಕೈಗೆ ಸೇರಿಸುವುದೆಂದು ಅಯ್ಯನವರಿಗೇ ತೋಚದಾಯಿತು. ಅಗೆದ ಗುಂಡಿಯನ್ನೇ ನೋಡುತ್ತಿದ್ದ ಅತ್ತೆ ಕೈ ಚಾಚಿ ತಟ್ಟೆಯಿಂದ ಲಿಂಗ ಎತ್ತಿಕೊಂಡರು.

"ಮಗೀನ ಎತ್ಕೊಂಡೋದೋರು ಇವ್ರೇ. ಎಲ್ಲಿಟ್ರೋ ಇವ್ರಿಗೇ ಗೊತ್ತು. ಇವ್ರೇ ಕೊಡ್ಲಿ."

ಅಯ್ಯನವರು ಬೇಡ ಎನ್ನಲಿಲ್ಲ. ಅತ್ತೆ ಮಂಡಿಯೂರಿ ಕೂತು, ಗುಂಡಿಯೊಳಗೆ ಕೈಯಿಟ್ಟು, ಲಿಂಗವನ್ನು ಮಣ್ಣಿನಲ್ಲಿ ಕೂರಿಸಿದರು. ಕೈ ಹೊರಗೆ ತೆಗೆಯಲು ಅವರಿಗೆ ಬಹಳ ಹೊತ್ತು ಬೇಕಾಯಿತು. ನನ್ನ ಗಂಡ ಗುದ್ದಲಿ ಮುಟ್ಟದೆ ಬೊಗಸೆಯಿಂದಲೇ ಮಣ್ಣು ಎಳೆದರು. ಅಯ್ಯನವರು ವಿಭೂತಿ ಹಾಕಿ ಏನೋ ಹೇಳಿಕೊಂಡರು. ನಾನು ಬೇಲಿಯ ಹತ್ತಿರವೇ ನಿಂತಿದ್ದೆ, ಒಳಗೆ ಬರಲು ಯಾರೂ ಕರೆಯಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆಗೆ ಎಲ್ಲ ಒಪ್ಪಿಸಿದೆ. "ನಾಲ್ಕು ದಿನದಿಂದ ನಿಮ್ಮ ಕೈ ಊಟ ನಾಯಿಗೆ ಹಾಕ್ದೆ ಅತ್ತೆಮ್ಮ" ಎಂದು ಅತ್ತುಬಿಟ್ಟೆ.

"ಗೊತ್ತಿತ್ತು ಕಣೇ. ನಾಯಿ ದುಂಡುಗಾಗಿತ್ತಲ್ಲ" ಎಂದು ಅವರು ಮುದ್ದೆಯ ತಟ್ಟೆ ನನ್ನ ಮುಂದೆ ತಳ್ಳಿದರು. "ಈಗಾರ ತಿನ್ನು."

ಗುರುವಾರ ನನ್ನ ತೋಳಿಗೆ ಲಿಂಗ ಕಟ್ಟಿದರು. ನಾನೇ ಹಟ ಮಾಡಿ ಕಟ್ಟಿಸಿಕೊಂಡೆ, ಕಟ್ಟಿಸಿಕೊಂಡ ಗಳಿಗೆಯಿಂದ ನಡುಗಿದೆ. ಅತ್ತೆ ಆ ಹೊತ್ತು ಹಿತ್ತಲಿಗೆ ಹೋಗಿ ನಿಂತಿದ್ದರು. ಆಮೇಲಿನ ಹದಿನೈದು ದಿನ ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ದಿನ ಎಣಿಸಿದೆವು. ಬೆಳಿಗ್ಗೆ ಎದ್ದ ಕೂಡಲೇ ಅವರು ಬಂದು ನನ್ನ ಹೊಟ್ಟೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದರು. ಮಗು ಒದ್ದರೆ ಕೈ ತೆಗೆದು ಒಲೆ ಹಚ್ಚಲು ಹೋಗುತ್ತಿದ್ದರು. ಒದೆಯದಿದ್ದರೆ ಹಾಲು ಕರೆಯುವ ಹೊತ್ತು ಮೀರಿದರೂ ಅಲ್ಲೇ ನಿಂತಿರುತ್ತಿದ್ದರು. ಹದಿನಾರನೆಯ ದಿನ ಇಬ್ಬರೂ ಏನೂ ಆಗದವರ ಹಾಗೆ ಹುರುಳಿಕಾಳು ಆರಿಸುತ್ತಾ ಕೂತಿದ್ದೆವು.

ನೋವು ಬಂದದ್ದು ಒಂಬತ್ತು ತುಂಬಿದ ಮೇಲೆ, ಒಂದು ಮುಂಜಾನೆ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮಗು ಆಯಿತು. ನನಗೆ ಗೊತ್ತಾಯಿತು ಆಯಿತೆಂದು. ಕಿವಿಯೆಲ್ಲ ತೆರೆದು ಕಾದೆ. ಸದ್ದಿಲ್ಲ. ಸೂಲಗಿತ್ತಿ ಬೆನ್ನು ತಟ್ಟುವುದು ಕೇಳುತ್ತಿತ್ತು, ಇನ್ನೊಂದು ಸಲ ತಟ್ಟುವುದು ಕೇಳುತ್ತಿತ್ತು. ಅಳು ಇಲ್ಲ. ಆಮೇಲೆ ಅವಳು ಹಳೇ ಸೀರೆಯ ತುಂಡು ಎಳೆದುಕೊಂಡು ಮಗುವನ್ನು ಸುತ್ತತೊಡಗಿದಳು. ಇಷ್ಟು ಬಾಯಿ ಇದ್ದೂ ಬೇಕಾದ ಹೊತ್ತಿಗೆ ಒಂದು ಮಾತು ಹೊರಡಲಿಲ್ಲ ನೋಡಿ.

"ಒಸಿ ಈಚೆ ಗಾಳೀಗೆ ತಗೊಂಡೋಯ್ತೀನಿ" ಎಂದು ಸೂಲಗಿತ್ತಿ ಎದ್ದಳು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎರಡೂ ಕೈ ಚಾಚಿ ಎರಡು ಕಡೆಯ ಬಾಗಿಲವಾಡ ಹಿಡಿದುಕೊಂಡಿದ್ದರು. "ಈಚೆಗಿಲ್ಲ. ಏನ್ ಮಾಡ್ತೀಯೋ ಇಲ್ಲೇ ಮಾಡು. ಅವ್ಳ ಕಣ್ಮುಂದೆ ಮಾಡು" ಎಂದರು. ಅವರ ಬಾಯಿಂದ ಅಂಥ ದನಿ ನಾನು ಕೇಳಿರಲಿಲ್ಲ.

"ಅಯ್ಯೋ, ದಾರಿ ಬುಡವ್ವ, ಬಾಣಂತಿ ನೋಡ್ಬಾರ್ದು..."

"ಅವ್ಳ ಎದೆ ಮ್ಯಾಲೆ ಹಾಕು ಮೊದ್ಲು. ಅವ್ಳು ನೋಡ್ಲಿ. ಹೆಂಗಿದ್ರೂ ಅವ್ಳು ನೋಡ್ಲಿ!"

ಸೂಲಗಿತ್ತಿಗೆ ಬೇರೆ ದಾರಿಯಿರಲಿಲ್ಲ. ಸುತ್ತಿದ ಬಟ್ಟೆ ತೆಗೆದು ಮಗುವನ್ನು ನನ್ನ ಎದೆಯ ಮೇಲೆ ಹಾಕಿದಳು. ಹೆಣ್ಣು ಮಗು. ಮೈ ನೀಲಿಗಟ್ಟಿತ್ತು, ಕಣ್ಣು ಮುಚ್ಚಿತ್ತು, ಕೈಯ ಐದು ಬೆರಳೂ ಮುಷ್ಟಿಯಾಗಿದ್ದವು. ನಾನು ನೋಡಿದೆ. ಸೂಲಗಿತ್ತಿ ಬೆರಳಿನಿಂದ ಅದರ ಬಾಯೊಳಗಿನದನ್ನು ಮತ್ತೊಮ್ಮೆ ತೆಗೆದು, ಅಂಗಾಲಿಗೆ ಜೋರಾಗಿ ಹೊಡೆದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಹೊಡೆದಳು. ಮಗು ಒಂದು ಸಲ ಬಿಕ್ಕಿತು. ಆಮೇಲೆ ಬಾಯಿ ಅಗಲಿಸಿ ಅಳಲು ಶುರುಮಾಡಿತು.

"ಅತ್ತೆಮ್ಮ, ಅಳ್ತೈತೆ" ಎಂದೆ.

"ಕೇಳ್ತೈತೆ ಕಣೇ, ಕೇಳ್ತೈತೆ" ಎಂದರು ಅವರು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಬಾಗಿಲವಾಡದಿಂದ ಕೈ ತೆಗೆಯಲಿಲ್ಲ. ಸೂಲಗಿತ್ತಿ ಬಿಸಿನೀರು ತರಲು ಅವರ ತೋಳಿನ ಕೆಳಗೆ ಬಗ್ಗಿ ಹೋಗಬೇಕಾಯಿತು.